ಊರ ಗೋಮಾಳದ ಹದಿನೆಂಟು ಕುಳಿಗಳು

ಸ್ಕಾಟ್‌ಲೆಂಡಿನ ಪೂರ್ವ ಕರಾವಳಿಯಲ್ಲಿರುವ ಸೇಂಟ್ ಆಂಡ್ರೂಸ್ ಎಂಬ ಊರಿನ ‘ಓಲ್ಡ್ ಕೋರ್ಸ್’ ಗಾಲ್ಫ್ ಮೈದಾನಕ್ಕೆ ಭಾನುವಾರ ರಜೆ. ಬೇಸಿಗೆಯಲ್ಲಿ ಇಲ್ಲಿ ಒಂದು ಸುತ್ತು ಆಡಲು ಹೊರಗಿನವರು 300 ಪೌಂಡಿಗೂ ಹೆಚ್ಚು ಶುಲ್ಕ ತೆರಬೇಕು. ಅದಕ್ಕೂ ಚೀಟಿ ಎತ್ತಬೇಕು, ಹೆಸರು ಬಾರದಿದ್ದರೆ ಬರಿಗೈಯಲ್ಲಿ ಮರಳಬೇಕು. ಅಂಥ ದುಬಾರಿ ಹುಲ್ಲಿನ ಮೇಲೆ ಭಾನುವಾರ ಊರಿನ ಅಜ್ಜಿಯರು ನಾಯಿ ಹಿಡಿದು ಅಡ್ಡಾಡುತ್ತಾರೆ. ಮಕ್ಕಳು ಓಡಿ ಆಡುತ್ತಾರೆ. ಪ್ರವಾಸಿಗರು ಹಳೆಯ ಕಲ್ಲಿನ ಸೇತುವೆಯ ಮೇಲೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಕಾವಲುಗಾರ ಬಂದು ಗದರುವುದಿಲ್ಲ. ಏಕೆಂದರೆ ಈ ಮೈದಾನ ಯಾವ ಕ್ಲಬ್ಬಿನ ಆಸ್ತಿಯೂ ಅಲ್ಲ, ಊರಿನ ಆಸ್ತಿ.

ಗಾಲ್ಫ್ ಎಂದೊಡನೆ ನಮಗೆ ನೆನಪಾಗುವುದು ಎತ್ತರದ ಕಾಂಪೌಂಡು, ಗೇಟಿನಲ್ಲಿ ನಿಂತ ಸೆಕ್ಯುರಿಟಿ, ತಲೆಮಾರುಗಟ್ಟಲೆ ಕಾದರೂ ಸಿಗದ ಸದಸ್ಯತ್ವ. 1829ರಲ್ಲಿ ಕಲ್ಕತ್ತದಲ್ಲೂ 1876ರಲ್ಲಿ ಬೆಂಗಳೂರಿನಲ್ಲೂ ಬ್ರಿಟಿಷರು ಗಾಲ್ಫ್ ಕ್ಲಬ್ಬುಗಳನ್ನು ಕಟ್ಟಿದಾಗ ಈ ಆಟ ನಮ್ಮ ದೇಶಕ್ಕೆ ಬಂದದ್ದೇ ದೊರೆಗಳ ಆಟವಾಗಿ. ಆದರೆ ಹುಟ್ಟಿದೂರಿನಲ್ಲಿ ಅದರ ಕಥೆಯೇ ಬೇರೆ. ಅಲ್ಲಿ ಗಾಲ್ಫ್ ಹುಟ್ಟಿದ್ದು ಗೋಮಾಳದಲ್ಲಿ. ಈ ಮೈದಾನದಲ್ಲಿ ಆಡುವವರನ್ನು ಇಂದಿಗೂ ಗೋಳುಹುಯ್ದುಕೊಳ್ಳುವ ಇಕ್ಕಟ್ಟು, ಸೊಟ್ಟತನ, ಅಡ್ಡ ಬರುವ ರಸ್ತೆ, ಎದುರಾಗುವ ಗೋಡೆ ಎಲ್ಲದರ ಹಿಂದೆಯೂ ಆ ಗೋಮಾಳದ ಇತಿಹಾಸವಿದೆ.

ಗಾಲ್ಫಿನ ಗಂಧವಿಲ್ಲದ ಓದುಗರಿಗೆ ಎರಡು ಮಾತು. ಚಿಕ್ಕ ಚೆಂಡೊಂದನ್ನು ದಾಂಡಿನಿಂದ ಹೊಡೆಯುತ್ತ ದೂರದ ಕುಳಿಗೆ ಬೀಳಿಸುವುದೇ ಆಟ. ಎಷ್ಟು ಕಡಿಮೆ ಹೊಡೆತಗಳಲ್ಲಿ ಬೀಳಿಸಿದರೆ ಅಷ್ಟು ಒಳ್ಳೆಯದು. ಹೊರಡುವ ಜಾಗಕ್ಕೆ ‘ಟೀ’ ಎಂದೂ, ನಡುವಿನ ಕತ್ತರಿಸಿದ ಹುಲ್ಲಿನ ದಾರಿಗೆ ‘ಫೇರ್‌ವೇ’ ಎಂದೂ, ಕುಳಿಯ ಸುತ್ತಲಿನ ನುಣುಪು ಹುಲ್ಲಿಗೆ ‘ಗ್ರೀನ್’ ಎಂದೂ ಹೆಸರು. ದಾರಿಯಲ್ಲಿ ಚೆಂಡು ನುಂಗಲು ಕಾದಿರುವ ಮರಳಿನ ಗುಂಡಿಗಳೇ ‘ಬಂಕರ್’ಗಳು. ಇಂಥ 18 ಕುಳಿಗಳನ್ನು ಮುಗಿಸಿದರೆ ಒಂದು ಸುತ್ತು.

ಈ 18ರ ಲೆಕ್ಕ ಬಂದದ್ದೂ ಸೇಂಟ್ ಆಂಡ್ರೂಸ್‌ನಿಂದಲೇ. ಮೊದಲು ಇಲ್ಲಿ ಒಂದು ಸುತ್ತಿಗೆ 22 ಕುಳಿಗಳ ಆಟವಿತ್ತು. ಆರಂಭದ ಕೆಲವು ಕುಳಿಗಳು ತೀರಾ ಹತ್ತಿರವಾದವೆಂದು 1764ರಲ್ಲಿ ನಾಲ್ಕನ್ನು ಎರಡಾಗಿ ಕೂಡಿಸಿದರು. ಹೋಗುವಾಗ ಎರಡು, ಬರುವಾಗ ಎರಡು ಕಡಿಮೆಯಾಗಿ 18 ಉಳಿಯಿತು. ಇದರಲ್ಲಿ ಶಾಸ್ತ್ರವೂ ಇಲ್ಲ, ಗಣಿತವೂ ಇಲ್ಲ. ಊರಿನ ಅನುಕೂಲಕ್ಕೆ ಮಾಡಿಕೊಂಡ ಏರ್ಪಾಡು ಕಾಲಕ್ರಮೇಣ ಜಗತ್ತಿನ ನಿಯಮವಾಯಿತು.

ಬಿಲ್ಲಿಗೆ ಅಡ್ಡಿಯಾದ ಆಟ

ಸಮುದ್ರಕ್ಕೂ ಹೊಲಗಳಿಗೂ ನಡುವೆ ಇರುವ ಮರಳು ನೆಲಕ್ಕೆ ಸ್ಕಾಟ್‌ಲೆಂಡಿನಲ್ಲಿ ‘ಲಿಂಕ್ಸ್’ ಎನ್ನುತ್ತಾರೆ. ಉಬ್ಬು ತಗ್ಗು, ಗಿಡ್ಡ ಹುಲ್ಲು, ಮುಳ್ಳುಪೊದೆ, ಬಿಡದೆ ಬೀಸುವ ಗಾಳಿ. ಬೇಸಾಯಕ್ಕೆ ಬಾರದ ಭೂಮಿ. ನಮ್ಮ ಕಂದಾಯ ಇಲಾಖೆಯ ಭಾಷೆಯಲ್ಲಿ ಹೇಳುವುದಾದರೆ ‘ಖರಾಬು’. ಬೆಳೆ ತೆಗೆಯಲು ಆಗದ್ದರಿಂದಲೇ ಅದು ಎಲ್ಲರದೂ ಆಗಿ ಉಳಿಯಿತು. ಜನ ಅಲ್ಲಿ ಕುರಿ ಮೇಯಿಸಿದರು, ಮನೆಯ ಮಾಡಿಗೆ ಹುಲ್ಲುಹೆಂಟೆ ಕತ್ತರಿಸಿದರು, ಬಿಡುವಾದಾಗ ಚೆಂಡು ಹೊಡೆದರು.

ಗಾಲ್ಫಿನ ಹೆಸರು ಮೊದಲು ದಾಖಲಾದದ್ದು ಅದನ್ನು ನಿಷೇಧಿಸಿದ ಆಜ್ಞೆಯಲ್ಲಿ ಎಂಬುದು ಒಂದು ತಮಾಷೆ. 1457ರಲ್ಲಿ ದೊರೆ ಎರಡನೇ ಜೇಮ್ಸ್‌ನ ಕಾಲದ ಸ್ಕಾಟಿಷ್ ಸಂಸತ್ತು ಫುಟ್‌ಬಾಲನ್ನೂ ಗಾಲ್ಫನ್ನೂ ಕೈಬಿಡಬೇಕೆಂದು ಕಟ್ಟಪ್ಪಣೆ ಮಾಡಿತು. ಇಂಗ್ಲೆಂಡಿನೊಡನೆ ವೈರವಿದ್ದ ಕಾಲ. ಗಂಡಸರು ಬಿಲ್ವಿದ್ಯೆ ಕಲಿಯುವುದನ್ನು ಬಿಟ್ಟು ಚೆಂಡಿನ ಹಿಂದೆ ಬಿದ್ದರೆ ದೇಶ ಕಾಯುವವರು ಯಾರು? 1471ರಲ್ಲಿ ಮತ್ತೊಮ್ಮೆ, 1491ರಲ್ಲಿ ಮಗದೊಮ್ಮೆ ಇದೇ ಆಜ್ಞೆ ಹೊರಟಿತು. ಮೂರು ಸಲ ನಿಷೇಧಿಸಬೇಕಾಯಿತೆಂದರೆ ಮೊದಲೆರಡು ಸಲ ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ ಎಂದಾಯಿತು. 1502ರಲ್ಲಿ ಇಂಗ್ಲೆಂಡಿನೊಡನೆ ಶಾಂತಿ ಒಪ್ಪಂದವಾದ ವರ್ಷವೇ ದೊರೆ ನಾಲ್ಕನೇ ಜೇಮ್ಸ್ ತಾನೇ ಗಾಲ್ಫ್ ದಾಂಡುಗಳನ್ನು ಕೊಂಡ. ಕೊಂಡದ್ದು ಪರ್ತ್ ಪಟ್ಟಣದ ಒಬ್ಬ ಬಿಲ್ಲು ತಯಾರಕನಿಂದ!

ಸೇಂಟ್ ಆಂಡ್ರೂಸ್ ಆಗ ಧರ್ಮಪೀಠದ ಊರು. 1413ರಲ್ಲಿ ಸ್ಥಾಪನೆಯಾದ ವಿಶ್ವವಿದ್ಯಾಲಯವೂ ಅಲ್ಲಿತ್ತು. ಲಿಂಕ್ಸ್ ನೆಲದ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದ ಕಾಗದ ಹುಟ್ಟಿದ್ದು 1552ರಲ್ಲಿ. ಆರ್ಚ್‌ಬಿಷಪ್ ಜಾನ್ ಹ್ಯಾಮಿಲ್ಟನ್ ಈ ನೆಲದ ಉತ್ತರ ಭಾಗದಲ್ಲಿ ಮೊಲ ಸಾಕಲು ಊರಿನವರ ಒಪ್ಪಿಗೆ ಪಡೆದ. ಅದಕ್ಕೆ ಪ್ರತಿಯಾಗಿ, ಅಲ್ಲಿ ಗಾಲ್ಫ್, ಫುಟ್‌ಬಾಲ್, ಬಾಣ ಬಿಡುವುದು ಮೊದಲಾದ ಆಟಗಳನ್ನು ಆಡುವ, ದನಕುರಿ ಮೇಯಿಸುವ, ಹುಲ್ಲುಹೆಂಟೆ ತೆಗೆಯುವ ಹಕ್ಕು ಊರಿನವರದೇ ಎಂದು ಬರೆದು ಮೊಹರು ಒತ್ತಿಕೊಟ್ಟ. ಹಕ್ಕನ್ನು ಅವನು ದಯಪಾಲಿಸಲಿಲ್ಲ, ಮೊದಲೇ ಇದ್ದದ್ದನ್ನು ಒಪ್ಪಿಕೊಂಡ ಎಂಬುದು ಇಲ್ಲಿ ಗಮನಿಸಬೇಕಾದ ಅಂಶ. ರಾಜಕೀಯದ ಸುಳಿಗೆ ಸಿಕ್ಕಿ ಹ್ಯಾಮಿಲ್ಟನ್ 1571ರಲ್ಲಿ ಗಲ್ಲಿಗೇರಿದ. ಅವನು ಒತ್ತಿದ ಮೊಹರು ಮಾತ್ರ ಊರಿನವರ ಕೈಯಲ್ಲಿ ಉಳಿಯಿತು.

ಮೊಲಗಳ ಯುದ್ಧ

ಆ ಕಾಗದ ಕೆಲಸಕ್ಕೆ ಬಂದದ್ದು ಎರಡೂವರೆ ಶತಮಾನದ ಬಳಿಕ. 1754ರಲ್ಲಿ 22 ಮಂದಿ ಶ್ರೀಮಂತರು ಸೇರಿ ಇಲ್ಲಿ ಗಾಲ್ಫ್ ಆಟಗಾರರ ಸಂಘವೊಂದನ್ನು ಕಟ್ಟಿದ್ದರು. 1834ರಲ್ಲಿ ದೊರೆ ನಾಲ್ಕನೇ ವಿಲಿಯಂನ ಆಶ್ರಯ ದೊರೆತು ಇದೇ ‘ರಾಯಲ್ ಅಂಡ್ ಏನ್ಷಿಯಂಟ್’ ಕ್ಲಬ್ ಆಯಿತು. ಅತ್ತ ಊರಿನ ಪುರಸಭೆ ಸಾಲದಲ್ಲಿ ಮುಳುಗಿತ್ತು. ದಿವಾಳಿಯಿಂದ ಪಾರಾಗಲು ಅದು 1797ರಲ್ಲಿ ಲಿಂಕ್ಸ್ ನೆಲವನ್ನೇ ಮಾರಿಬಿಟ್ಟಿತು. ಸ್ವಲ್ಪ ಕಾಲದಲ್ಲೇ ಭೂಮಿ ಡೆಂಪ್‌ಸ್ಟರ್ ಎಂಬ ವ್ಯಾಪಾರಿಗಳ ಕೈಸೇರಿತು. ಅವರಿಗೆ ಗಾಲ್ಫ್ ಬೇಕಿರಲಿಲ್ಲ, ಮೊಲ ಬೇಕಿತ್ತು. ಮಾಂಸಕ್ಕೂ ತುಪ್ಪಳಕ್ಕೂ ಒಳ್ಳೆಯ ಬೆಲೆ.

ಮೊಲಗಳ ಸಂತಾನದ ವೇಗ ಗೊತ್ತಿದ್ದದ್ದೇ. ಮೈದಾನವೆಲ್ಲ ಬಿಲವಾಯಿತು. ಗಾಲ್ಫ್ ಆಡುವವರೂ ಊರಿನವರೂ ಸಿಟ್ಟಿಗೆದ್ದರು. ಮೊಲಗಳನ್ನು ಕೊಂದರು, ಕಾವಲಿನವರೊಡನೆ ಕೈಕೈ ಮಿಲಾಯಿಸಿದರು, ಕೋರ್ಟಿಗೂ ಹೋದರು. ಮೊಕದ್ದಮೆ ಎಡಿನ್‌ಬರೋ ದಾಟಿ ಲಂಡನ್ನಿನ ಹೌಸ್ ಆಫ್ ಲಾರ್ಡ್ಸ್‌ವರೆಗೂ ಹತ್ತಿತು. ಸುಮಾರು 20 ವರ್ಷ ನಡೆದ ಈ ಜಗಳಕ್ಕೆ ತೆರೆ ಬಿದ್ದದ್ದು 1821ರಲ್ಲಿ, ಸ್ಟ್ರಾಥ್‌ಟೈರಂನ ಜೇಮ್ಸ್ ಚೀಪ್ ಎಂಬ ಜಮೀನ್ದಾರ ಆ ನೆಲವನ್ನು ಕೊಂಡಾಗ. ಅವನು ಸ್ವತಃ ಗಾಲ್ಫ್ ಆಟಗಾರ. ಮೊಲಗಳು ಸೋತವು.

ಮೊಲಗಳಿಗೆ ನ್ಯಾಯ ಸಲ್ಲಿಸುವುದಾದರೆ ಇನ್ನೊಂದು ಮಾತು ಸೇರಿಸಬೇಕು. ಓಲ್ಡ್ ಕೋರ್ಸನ್ನು ಯಾವ ಶಿಲ್ಪಿಯೂ ನಕ್ಷೆ ಹಾಕಿ ಕಟ್ಟಿಲ್ಲ. ಹುಲ್ಲನ್ನು ಗಿಡ್ಡವಾಗಿ ಮೇಯ್ದು ನೆಲ ಹದ ಮಾಡಿದ್ದು ಮೊಲ ಮತ್ತು ಕುರಿ. ಚಳಿಗಾಳಿಗೆ ಮೈಯೊಡ್ಡಲಾರದೆ ಕುರಿಗಳು ತಗ್ಗುಗಳಲ್ಲಿ ಮುದುರಿ ಮಲಗಿ ಹುಲ್ಲು ಸವೆದು ಮರಳು ಮೇಲೆದ್ದ ಜಾಗಗಳೇ ಮುಂದೆ ಬಂಕರುಗಳಾದವು ಎಂಬುದು ತಲೆಮಾರುಗಳಿಂದ ಹೇಳುತ್ತ ಬಂದ ಕಥೆ.

ಇಕ್ಕಟ್ಟಿನ ದಾರಿ, ಅಗ್ಗದ ಚೆಂಡು

19ನೇ ಶತಮಾನದ ಮೊದಲರ್ಧದ ಮೈದಾನವನ್ನು ಇಂದಿನವರು ನೋಡಿದರೆ ಗಾಬರಿಯಾಗುತ್ತಿದ್ದರು. ಕುರುಬನ ಕೊಕ್ಕೆಕೋಲಿನಂತೆ ಉದ್ದಕ್ಕೆ ಹೋಗಿ ತುದಿಯಲ್ಲಿ ಬಾಗುವ ಒಂದೇ ಒಂದು ಪಟ್ಟಿ. ಎರಡೂ ಕಡೆ ಮುಳ್ಳುಪೊದೆ. ಹೋಗುವಾಗ ಯಾವ ಕುಳಿಗೆ ಆಡಿದರೋ ಮರಳುವಾಗಲೂ ಅದೇ ಕುಳಿ. ಆಡುತ್ತ ಹೋಗುವವರಿಗೂ ಬರುವವರಿಗೂ ನಡುದಾರಿಯಲ್ಲೇ ಮುಖಾಮುಖಿ. ನಮ್ಮ ಘಟ್ಟದ ರಸ್ತೆಯಲ್ಲಿ ಎರಡು ಬಸ್ಸು ಎದುರಾದಂತೆ ಒಬ್ಬರು ನಿಲ್ಲಬೇಕು, ಇನ್ನೊಬ್ಬರು ಹೋಗಬೇಕು.

ಆಡುವವರು ಬೆರಳೆಣಿಕೆಯಷ್ಟಿದ್ದಾಗ ಇದು ನಡೆಯುತ್ತಿತ್ತು. ಬೆರಳೆಣಿಕೆಯಷ್ಟೇ ಇರಲು ಕಾರಣ ಚೆಂಡು. ಆಗಿನ ಚೆಂಡೆಂದರೆ ಒಂದು ಟೋಪಿ ತುಂಬುವಷ್ಟು ಬೇಯಿಸಿದ ಹಕ್ಕಿಗರಿಗಳನ್ನು ಚರ್ಮದ ಚೀಲದೊಳಗೆ ತುರುಕಿ ಹೊಲಿದದ್ದು. ನುರಿತ ಕೆಲಸಗಾರನೂ ದಿನಕ್ಕೆ ಮಾಡಬಲ್ಲದ್ದು ಕೆಲವೇ ಚೆಂಡು. ಮಳೆಯಲ್ಲಿ ನೆನೆದರೆ ಒಡೆಯಿತು. ದಾಂಡಿಗಿಂತ ಚೆಂಡಿನ ಖರ್ಚೇ ಭಾರಿ.

1848ರ ಸುಮಾರಿಗೆ ‘ಗಟಾಪರ್ಚ’ ಎಂಬ ವಸ್ತುವಿನ ಚೆಂಡು ಬಂತು. ಮಲಯ ಭಾಗದ ಮರದ ಹಾಲಿನಿಂದ ತೆಗೆಯುವ, ಬಿಸಿ ಮಾಡಿದರೆ ಮೆತ್ತಗಾಗುವ ರಬ್ಬರಿನಂಥ ಪದಾರ್ಥ. ಇದರ ಬಗ್ಗೆ ಒಂದು ಸ್ವಾರಸ್ಯಕರ ಕಥೆಯಿದೆ. ಸೇಂಟ್ ಆಂಡ್ರೂಸ್‌ನ ಒಂದು ಮನೆಗೆ ಪೂರ್ವದೇಶದಿಂದ ವಿಷ್ಣುವಿನ ವಿಗ್ರಹವೊಂದು ಬಂತಂತೆ. ದಾರಿಯಲ್ಲಿ ಭಿನ್ನವಾಗದಿರಲೆಂದು ಪೆಟ್ಟಿಗೆಯಲ್ಲಿ ಗಟಾಪರ್ಚದ ತುಂಡುಗಳನ್ನು ತುಂಬಿದ್ದರಂತೆ. ಆ ಮನೆಯ ಹುಡುಗ ಅದನ್ನು ಬಿಸಿನೀರಲ್ಲಿ ಮೆದುಮಾಡಿ ಚೆಂಡು ಉಂಡೆಕಟ್ಟಿದನಂತೆ. ನಿಜವೋ ಸುಳ್ಳೋ, ಗಾಲ್ಫಿನ ಇತಿಹಾಸಕಾರರಂತೂ ಈ ಕಥೆಯನ್ನು ಬಿಟ್ಟಿಲ್ಲ.

ಹೊಸ ಚೆಂಡು ಅಗ್ಗ, ಗಟ್ಟಿ. ಗರಿಯ ಚೆಂಡಿನ ಹೆಸರಾಂತ ತಯಾರಕನೂ ಆ ಕಾಲದ ಶ್ರೇಷ್ಠ ಆಟಗಾರನೂ ಆಗಿದ್ದ ಅಲನ್ ರಾಬರ್ಟ್‌ಸನ್ ಅದನ್ನು ಕಂಡರೆ ಉರಿದುಬೀಳುತ್ತಿದ್ದ. ಅವನ ಕೈಕೆಳಗೆ ಕೆಲಸ ಮಾಡುತ್ತಿದ್ದ ಟಾಮ್ ಮಾರಿಸ್ ಹೊಸ ಚೆಂಡಿನಲ್ಲಿ ಆಡಿದ್ದೇ ತಪ್ಪಾಗಿ ಇಬ್ಬರಿಗೂ ಮುರಿದುಬಿತ್ತು. ಮಾರಿಸ್ 1851ರಲ್ಲಿ ಪ್ರೆಸ್ಟ್‌ವಿಕ್‌ಗೆ ಹೊರಟುಹೋದ. ಆದರೆ ಕಾಲದ ಗಾಳಿಯನ್ನು ತಡೆಯುವವರು ಯಾರು? ರಾಬರ್ಟ್‌ಸನ್ ತಾನೂ ಹೊಸ ಚೆಂಡಿಗೆ ಒಗ್ಗಿಕೊಂಡ. ಓಲ್ಡ್ ಕೋರ್ಸನ್ನು 80ಕ್ಕಿಂತ ಕಡಿಮೆ ಹೊಡೆತಗಳಲ್ಲಿ ಮುಗಿಸಿದ ಮೊದಲಿಗ ಅವನೇ, 1858ರಲ್ಲಿ 79.

1852ರಲ್ಲಿ ರೈಲೂ ಬಂತು. ಅಗ್ಗದ ಚೆಂಡು ಹಿಡಿದ ಜನ ರೈಲಿಳಿದು ನೇರ ಮೈದಾನಕ್ಕೆ ನಡೆದರು. ಇಕ್ಕಟ್ಟಿನ ಪಟ್ಟಿ ಈ ಜನಜಂಗುಳಿಯನ್ನು ತಾಳಲಾರದೆ ಹೋಯಿತು. ಆಗ, 1850ರ ದಶಕದಲ್ಲಿ, ಪೊದೆ ಸವರಿ ದಾರಿ ಅಗಲಿಸಿದರು. ಗ್ರೀನ್‌ಗಳನ್ನು ಹಿಗ್ಗಿಸಿ ಒಂದೊಂದರಲ್ಲಿ ಎರಡೆರಡು ಕುಳಿ ತೋಡಿದರು. ಒಂದು ಹೋಗುವವರಿಗೆ, ಒಂದು ಬರುವವರಿಗೆ. ಹೊಸ ಜಾಗ ತೆಗೆದುಕೊಳ್ಳಲು ಇಲ್ಲದ ಊರು ಇದ್ದ ಜಾಗವನ್ನೇ ಹಂಚಿಕೊಂಡ ಬಗೆ ಇದು.

ಹೀಗೆ ಹುಟ್ಟಿದ ಏಳು ಜೋಡಿ ಗ್ರೀನ್‌ಗಳು ಇಂದಿಗೂ ಇವೆ. ಕೆಲವಂತೂ ಫುಟ್‌ಬಾಲ್ ಮೈದಾನ ನೆನಪಿಸುವಷ್ಟು ವಿಶಾಲ. ಅವುಗಳ ಲೆಕ್ಕ ಮಜವಾಗಿದೆ. 2ನೇ ಕುಳಿಗೆ ಜೊತೆ 16, 3ಕ್ಕೆ 15, 4ಕ್ಕೆ 14. ಯಾವ ಜೋಡಿಯನ್ನು ಕೂಡಿಸಿದರೂ 18. ಸ್ವಂತ ಗ್ರೀನ್ ಇರುವುದು 1, 9, 17 ಮತ್ತು 18ನೇ ಕುಳಿಗಳಿಗೆ ಮಾತ್ರ.

ಒಂದು ಸುತ್ತು

ಇನ್ನು ಆಟಕ್ಕೆ ಬರೋಣ. ಮೊದಲ ಟೀ ಇರುವುದು ಊರಿನ ಅಂಚಿನಲ್ಲಿ, 1854ರಲ್ಲಿ ಕಟ್ಟಿದ ಆರ್ ಅಂಡ್ ಎ ಕ್ಲಬ್ಬಿನ ಗಂಭೀರ ಕಟ್ಟಡದ ಕಿಟಕಿಗಳ ಎದುರಿಗೆ. ಒಂದನೆಯ ಮತ್ತು ಹದಿನೆಂಟನೆಯ ಕುಳಿಗೆ ಒಂದೇ ಫೇರ್‌ವೇ. ನೋಡಲು ಬಯಲೋ ಬಯಲು. ಆದರೂ ಕಾಲು ನಡುಗದೆ ಇಲ್ಲಿ ಮೊದಲ ಹೊಡೆತ ಹೊಡೆದವರು ಕಡಿಮೆ. ಬೇಲಿಗೊರಗಿ ನಿಂತ ಊರಿನವರು ನೋಡುತ್ತಿರುತ್ತಾರೆ. ಗ್ರೀನ್‌ನ ಮುಂದೆಯೇ ‘ಸ್ವಿಲ್ಕನ್’ ಎಂಬ ಸಣ್ಣ ತೊರೆ ಹರಿಯುತ್ತದೆ. ನಮ್ಮ ಹಳ್ಳಿಯ ಮಕ್ಕಳು ಒಂದೇ ನೆಗೆತಕ್ಕೆ ದಾಟುವಂಥದ್ದು. ಅದರಲ್ಲಿ ಮುಳುಗಿದ ಚೆಂಡುಗಳಿಗೆ ಲೆಕ್ಕವಿಲ್ಲ.

ಅಲ್ಲಿಂದ ಮುಂದೆ ಬಲಗಡೆ ಪೊದೆ, ಎಡಗಡೆ ಮರಳಿ ಬರುವವರ ದಾರಿ. ಬೇರೆ ಮೈದಾನಗಳಲ್ಲಿ ಕಣ್ಣಿಗೆ ಬಿದ್ದ ಬಂಕರನ್ನು ತಪ್ಪಿಸಿದರೆ ಸಾಕು, ಇಲ್ಲಿ ಕಾಣದ್ದನ್ನೂ ತಪ್ಪಿಸಬೇಕು. 12ನೇ ಟೀಯಲ್ಲಿ ನಿಂತರೆ ಎದುರಿಗೆ ಶುದ್ಧ ಹುಲ್ಲು. ಚೆಂಡು ಅದರ ನಡುವೆ ಬಿದ್ದು ಮಾಯ. ಹತ್ತಿರ ಹೋದರೆ ಅಲ್ಲೊಂದು ಗುಂಡಿ! ಇದು ಮೋಸವಲ್ಲ, ಇತಿಹಾಸ. ಹಿಂದೆ ಈ ಮೈದಾನವನ್ನು ಈಗಿನದಕ್ಕೆ ವಿರುದ್ಧ ದಿಕ್ಕಿನಲ್ಲಿ ಆಡುತ್ತಿದ್ದರು. ಟಾಮ್ ಮಾರಿಸ್ 1864ರಲ್ಲಿ ಮೈದಾನದ ಪಾಲಕನಾಗಿ ಮರಳಿ ಬಂದು 1870ರ ಸುಮಾರಿಗೆ ಮೊದಲ ಕುಳಿಗೆ ಪ್ರತ್ಯೇಕ ಗ್ರೀನ್ ಮಾಡಿದ ಬಳಿಕ ಇಂದಿನ ದಿಕ್ಕು ಸಾಧ್ಯವಾಯಿತು. ಎಷ್ಟೋ ಕಾಲ ಎರಡು ದಿಕ್ಕುಗಳೂ ಸರದಿಯ ಮೇಲೆ ನಡೆದವು. ಆ ಕಡೆಯಿಂದ ಬರುವವರಿಗೆ ಎದ್ದು ಕಾಣುವ ಬಂಕರುಗಳು ಈ ಕಡೆಯಿಂದ ಹೋಗುವವರಿಗೆ ಬೆನ್ನು ತಿರುಗಿಸಿ ಕುಳಿತಿವೆ.

ಮೈದಾನದ ತುದಿಯಲ್ಲಿ ಕೊಕ್ಕೆ ಬಾಗುವಲ್ಲಿ ಇಕ್ಕಟ್ಟು ಮಿತಿಮೀರುತ್ತದೆ. 7ನೇ ಕುಳಿಗೆ ಆಡುವವರ ದಾರಿಯನ್ನು 11ನೇ ಕುಳಿಗೆ ಆಡುವವರ ದಾರಿ ಕತ್ತರಿಯಂತೆ ಅಡ್ಡ ಹಾಯುತ್ತದೆ. ಇಂದು ಯಾರಾದರೂ ಹೊಸ ಮೈದಾನಕ್ಕೆ ಇಂಥ ನಕ್ಷೆ ಬರೆದರೆ ಕೆಲಸ ಕಳೆದುಕೊಳ್ಳುತ್ತಾರೆ.

ಬಂಕರುಗಳು ಒಟ್ಟು 112. ಅನೇಕಕ್ಕೆ ನಾಮಕರಣವಾಗಿದೆ: ‘ಶವಪೆಟ್ಟಿಗೆಗಳು’, ‘ಸಿಂಹದ ಬಾಯಿ’, ‘ಪ್ರಿನ್ಸಿಪಾಲರ ಮೂಗು’. 14ನೇ ಕುಳಿಯ ದಾರಿಯಲ್ಲಿರುವ ದೊಡ್ಡ ಗುಂಡಿಯ ಹೆಸರು ‘ನರಕ’. ಜಾಕ್ ನಿಕ್ಲಸ್‌ನಂಥ ಜಾಕ್ ನಿಕ್ಲಸ್ 1995ರ ಓಪನ್ ಟೂರ್ನಿಯಲ್ಲಿ ಇದರೊಳಗೆ ಸಿಕ್ಕಿಬಿದ್ದು ಐದು ಹೊಡೆತಗಳ ಕುಳಿಗೆ ಹತ್ತು ತೆಗೆದುಕೊಂಡ. 2000ದಲ್ಲಿ ಟೈಗರ್ ವುಡ್ಸ್ ನಾಲ್ಕು ದಿನ, 72 ಕುಳಿ ಆಡಿಯೂ ಒಂದೇ ಒಂದು ಬಂಕರಿಗೆ ಚೆಂಡು ಕೆಡವದೆ ಗೆದ್ದ. 11ನೇ ಕುಳಿಯ ಬಂಕರಿನಿಂದ ಮೇಲೇಳಲಾರದೆ 1921ರಲ್ಲಿ ಅಂಕಪಟ್ಟಿ ಹರಿದು ಹೊರನಡೆದವನು ಅಮೆರಿಕದ ತರುಣ ಬಾಬಿ ಜೋನ್ಸ್. ಅವನ ಕಥೆ ಅಲ್ಲಿಗೆ ಮುಗಿಯುವುದಿಲ್ಲ.

ಗೋಡೆ, ರಸ್ತೆ, ಶೆಡ್ಡು

ಎಲ್ಲ ಸೊಟ್ಟತನವೂ ಒಟ್ಟುಗೂಡಿ ಕುಳಿತಿರುವುದು 17ನೇ ಕುಳಿಯಲ್ಲಿ. ‘ರೋಡ್ ಹೋಲ್’ ಎಂದೇ ಇದರ ಹೆಸರು. ಟೀಯಲ್ಲಿ ನಿಂತವನಿಗೆ ಎದುರಿಗೆ ಫೇರ್‌ವೇ ಕಾಣುವುದಿಲ್ಲ, ಒಂದು ಶೆಡ್ಡಿನ ಮಾಡು ಕಾಣುತ್ತದೆ. ಚೆಂಡನ್ನು ಅದರ ಮೇಲಿಂದ ಹಾರಿಸಬೇಕು. ಇಲ್ಲಿದ್ದದ್ದು ರೈಲು ನಿಲ್ದಾಣದ ಸರಕು ಅಂಗಳದ ಶೆಡ್ಡು. 1968ರಲ್ಲಿ ಅಲ್ಲಿ ಹೋಟೆಲ್ ಎದ್ದಿತು, 1969ರಲ್ಲಿ ರೈಲೂ ನಿಂತಿತು. ಹಳೆಯ ಶೆಡ್ಡು ಹೋದ ಮೇಲೆ ಅದೇ ಆಕಾರದಲ್ಲಿ ಹೊಸತನ್ನು ಕಟ್ಟಿದರು! ಅಡಚಣೆ ಇಲ್ಲದಿದ್ದರೆ ಅದು ರೋಡ್ ಹೋಲ್ ಹೇಗಾದೀತು?

ಗ್ರೀನ್‌ನ ಮುಂದೆ ಬಾವಿಯಂಥ ಬಂಕರ್, ಹಿಂದೆ ಹಳೆಯ ರಸ್ತೆ, ರಸ್ತೆಯಾಚೆ ಕಲ್ಲಿನ ಗೋಡೆ. ಚೆಂಡು ರಸ್ತೆಗೆ ಬಿದ್ದರೆ ಎತ್ತಿ ಹುಲ್ಲಿಗೆ ಹಾಕುವ ರಿಯಾಯಿತಿ ಇಲ್ಲ. ಬಿದ್ದಲ್ಲಿಂದಲೇ ಹೊಡೆಯಬೇಕು. ರಸ್ತೆಯೂ ಮೈದಾನದ ಭಾಗವೇ. 1978ರಲ್ಲಿ ಜಪಾನಿನ ಟಾಮಿ ನಕಾಜಿಮಾ ಎರಡೇ ಹೊಡೆತಕ್ಕೆ ಗ್ರೀನ್ ತಲುಪಿದ್ದ. ಆಮೇಲೆ ಮೆಲ್ಲನೆ ತಳ್ಳಿದ ಚೆಂಡು ಇಳಿಜಾರಿಗೆ ಸಿಕ್ಕಿ ಬಂಕರಿಗುರುಳಿತು. ಹೊರಬರುವಷ್ಟರಲ್ಲಿ ಎಣಿಕೆ ಏರಿ ಕೊನೆಗೆ ಒಂಬತ್ತಾಯಿತು. 1984ರಲ್ಲಿ ಆರನೇ ಓಪನ್ ಕಿರೀಟದ ಅಂಚಿನಲ್ಲಿದ್ದ ಟಾಮ್ ವಾಟ್ಸನ್‌ನ ಚೆಂಡು ರಸ್ತೆ ದಾಟಿ ಗೋಡೆಯ ಬುಡಕ್ಕೆ ಬಿತ್ತು. ಅದೇ ಗಳಿಗೆಯಲ್ಲಿ ಸ್ಪೇನಿನ ಸೆವೆ ಬ್ಯಾಲೆಸ್ಟೆರೋಸ್ 18ನೇ ಗ್ರೀನ್‌ನಲ್ಲಿ ಮುಷ್ಟಿ ಬೀಸಿ ಕುಣಿಯುತ್ತಿದ್ದ.

ಕೊನೆಯ ಕುಳಿಯತ್ತ ಹೋಗುವವರು ಸ್ವಿಲ್ಕನ್ ತೊರೆಯ ಮೇಲಿನ ಕಲ್ಲು ಸೇತುವೆ ದಾಟುತ್ತಾರೆ. ಏಳುನೂರು ವರ್ಷ ಹಳೆಯದೆನ್ನುವ ಇದನ್ನು ಕಟ್ಟಿದ್ದು ಕುರಿ ದಾಟಿಸಲು. 1995ರಲ್ಲಿ ಅರ್ನಾಲ್ಡ್ ಪಾಮರ್, 2005ರಲ್ಲಿ ನಿಕ್ಲಸ್ ಇದರ ಮೇಲೆ ನಿಂತು ಓಪನ್ ಟೂರ್ನಿಗೆ ಕೈಬೀಸಿ ವಿದಾಯ ಹೇಳಿದರು. ಪ್ರವಾಸಿಗರ ಕಾಲ್ತುಳಿತಕ್ಕೆ ಹುಲ್ಲು ಸವೆಯುತ್ತಿದೆಯೆಂದು 2023ರ ಫೆಬ್ರವರಿಯಲ್ಲಿ ಆಡಳಿತದವರು ಸೇತುವೆಯ ಬಾಯಲ್ಲಿ ಕಲ್ಲುಹಾಸು ಹಾಕಿಸಿದರು. ಯಾರದೋ ಮನೆಯ ಹಿತ್ತಲಿನ ಅಂಗಳದಂತಿದೆ ಎಂದು ಜಗತ್ತಿನ ಮೂಲೆಮೂಲೆಯಿಂದ ಬೈಗುಳ ಸುರಿಯಿತು. ಕೆಲವೇ ದಿನಗಳಲ್ಲಿ ಕಿತ್ತು ಹಾಕಿದರು.

18ನೇ ಫೇರ್‌ವೇಯನ್ನು ಅಡ್ಡಲಾಗಿ ಸೀಳುವುದು ‘ಗ್ರ್ಯಾನಿ ಕ್ಲಾರ್ಕ್ಸ್ ವೈಂಡ್’, ಎಂದರೆ ಕ್ಲಾರ್ಕ್ ಅಜ್ಜಿಯ ಓಣಿ. ಸಮುದ್ರ ದಂಡೆಗೆ ಹೋಗುವ ಸಾರ್ವಜನಿಕ ರಸ್ತೆ. ಕೊನೆಯ ಹೊಡೆತಕ್ಕೆ ಸಿದ್ಧನಾಗಿ ನಿಂತವನು ಮಗುವಿನ ತಳ್ಳುಗಾಡಿ ದಾಟುವವರೆಗೆ ಕಾಯಬೇಕು.

ಬಟ್ಟೆ ಒಣಗಿಸುವ ಹಕ್ಕು

ಈ ತೊರೆಯ ದಂಡೆಯಲ್ಲೇ ಊರಿನ ಹೆಂಗಸರು ಬಟ್ಟೆ ಒಗೆದು ಹುಲ್ಲಿನ ಮೇಲೆ ಹರವುತ್ತಿದ್ದರು. 19ನೇ ಶತಮಾನದ ಇಲ್ಲಿನ ನಿಯಮಾವಳಿಯಲ್ಲಿ ಅದಕ್ಕೂ ಒಂದು ಕಲಮು: ಚೆಂಡು ಒಣಹಾಕಿದ ಬಟ್ಟೆಯ ಮೇಲೆ ಬಿದ್ದರೆ ಬಟ್ಟೆಯನ್ನು ಚೆಂಡಿನ ಅಡಿಯಿಂದ ಎಳೆದು ತೆಗೆಯಬಹುದು, ಒಗೆಯುವ ತೊಟ್ಟಿ ಪಕ್ಕದಲ್ಲಿದ್ದರೆ ಸರಿಸಬಹುದು. ಹೆಂಗಸರು ಜಾಗ ಖಾಲಿ ಮಾಡಬೇಕೆಂದು ಹೇಳಲಿಲ್ಲ. ಹೇಳುವಂತಿರಲಿಲ್ಲ.

1921ರಲ್ಲಿ ಸಿಟ್ಟಿನಿಂದ ಹೊರನಡೆದ ಬಾಬಿ ಜೋನ್ಸ್ 1927ರಲ್ಲಿ ಮರಳಿ ಬಂದು ಇಲ್ಲೇ ಓಪನ್ ಗೆದ್ದ, 1930ರಲ್ಲಿ ಅಮೆಚೂರ್ ಕಿರೀಟವನ್ನೂ ಗೆದ್ದ. ಊರಿನ ಮೋಹ ಅವನನ್ನು ಬಿಡಲಿಲ್ಲ. 1958ರಲ್ಲಿ, ಕಾಯಿಲೆಯಿಂದ ನಡೆಯಲೂ ಕಷ್ಟಪಡುತ್ತಿದ್ದ ಅವನಿಗೆ ಸೇಂಟ್ ಆಂಡ್ರೂಸ್ ಊರಿನ ಗೌರವ ಪೌರತ್ವ ಕೊಟ್ಟಿತು. ಅವನಿಗಿಂತ ಮುಂಚೆ ಈ ಗೌರವ ಪಡೆದ ಅಮೆರಿಕನ್ ಒಬ್ಬನೇ, 1759ರಲ್ಲಿ ಬೆಂಜಮಿನ್ ಫ್ರಾಂಕ್ಲಿನ್. ಇದರೊಂದಿಗೆ ಜೋನ್ಸ್‌ಗೆ ಬಂದ ಹಕ್ಕುಗಳು ಯಾವುವು? ಲಿಂಕ್ಸ್‌ನಲ್ಲಿ ಮೊಲ ಹಿಡಿಯುವುದು, ಹುಲ್ಲುಹೆಂಟೆ ತೆಗೆಯುವುದು, ಮೊದಲ ಮತ್ತು ಕೊನೆಯ ಫೇರ್‌ವೇಗಳ ಮೇಲೆ ಬಟ್ಟೆ ಒಣಗಿಸುವುದು! ಇದೇ ಜೋನ್ಸ್ ಓಲ್ಡ್ ಕೋರ್ಸಿನ ಸ್ಫೂರ್ತಿಯಿಂದ ಅಲಿಸ್ಟರ್ ಮೆಕೆಂಜಿಯೊಡನೆ ಸೇರಿ ಅಮೆರಿಕದಲ್ಲಿ ಕಟ್ಟಿದ ಅಗಸ್ಟಾ ನ್ಯಾಷನಲ್ ಮಾತ್ರ ಹೊರಗಿನವರು ಕಾಲಿಡಲಾಗದ ಕ್ಲಬ್ಬಾಯಿತು. ಗ್ರೀನ್‌ನ ಏರಿಳಿತವನ್ನು ಸಮುದ್ರದಾಚೆಗೆ ಒಯ್ಯುವುದು ಸುಲಭ, ಗೋಮಾಳವನ್ನು ಒಯ್ಯುವುದು ಕಷ್ಟ.

ಹಾಗೆಂದು ಸೇಂಟ್ ಆಂಡ್ರೂಸ್‌ನಲ್ಲಿ ಎಲ್ಲರಿಗೂ ಎಲ್ಲ ಬಾಗಿಲು ತೆರೆದಿತ್ತೆಂದಲ್ಲ. ಹೆಂಗಸು ದಾಂಡನ್ನು ಭುಜದ ಮೇಲಕ್ಕೆತ್ತುವುದು ಶೋಭೆಯಲ್ಲ ಎಂದು ನಂಬಿದ್ದ ಕಾಲದಲ್ಲಿ, 1867ರಲ್ಲಿ, ಊರಿನ ಮಹಿಳೆಯರು ತಮ್ಮದೇ ಕ್ಲಬ್ ಕಟ್ಟಿಕೊಂಡರು. ಅವರಿಗೆ ಸಿಕ್ಕಿದ್ದು ಮೆಲ್ಲನೆ ಚೆಂಡು ತಳ್ಳುವ ಒಂದು ಉಬ್ಬುತಗ್ಗಿನ ಅಂಗಳ. ಅದರ ಹೆಸರು ‘ಹಿಮಾಲಯ’. ಈಗಲೂ ಅಲ್ಲಿ ಯಾರು ಬೇಕಾದರೂ ಚಿಲ್ಲರೆ ದುಡ್ಡು ಕೊಟ್ಟು ಆಡಬಹುದು. ಮೈದಾನ ಊರಿನದಾದ್ದರಿಂದ ಓಲ್ಡ್ ಕೋರ್ಸಿನಲ್ಲಿ ಮಹಿಳೆಯರು ಆಡುತ್ತ ಬಂದರು. ಪಕ್ಕದ ಆರ್ ಅಂಡ್ ಎ ಕ್ಲಬ್ ಮಾತ್ರ ಅವರನ್ನು ಸದಸ್ಯರಾಗಿ ಒಪ್ಪಿದ್ದು 2014ರ ಸೆಪ್ಟೆಂಬರಿನಲ್ಲಿ. ಹುಟ್ಟಿ 260 ವರ್ಷಗಳ ಮೇಲೆ! ಮರುವರ್ಷ, 2015ರಲ್ಲಿ, ಸೇಂಟ್ ಆಂಡ್ರೂಸ್‌ನಲ್ಲಿ ನಡೆಯುವ ‘ಸೇಂಟ್ ರೂಲ್ ಟ್ರೋಫಿ’ ಗೆದ್ದವಳು ನಮ್ಮ ಬೆಂಗಳೂರಿನ ಹುಡುಗಿ ಅದಿತಿ ಅಶೋಕ್. 2021ರಲ್ಲಿ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಕೂದಲೆಳೆಯಷ್ಟರಲ್ಲಿ ಪದಕ ತಪ್ಪಿ ನಾಲ್ಕನೆಯವಳಾದಾಗಲಷ್ಟೇ ನಮ್ಮಲ್ಲಿ ಬಹುಪಾಲು ಜನ ಅವಳ ಹೆಸರು ಕೇಳಿದ್ದು.

ಯಾರ ಮೈದಾನ?

ಚೀಪ್ ಮನೆತನದ ಕೈಯಲ್ಲಿದ್ದ ನೆಲವನ್ನು 1893ರಲ್ಲಿ ಆರ್ ಅಂಡ್ ಎ ಕ್ಲಬ್ ಕೊಂಡಿತು. ಊರು ಸುಮ್ಮನಿರಲಿಲ್ಲ. 1894ರಲ್ಲಿ ಬ್ರಿಟಿಷ್ ಸಂಸತ್ತಿನ ಕಾಯಿದೆಯ ಮೂಲಕ ಪುರಸಭೆ ಅದನ್ನು ತನ್ನದಾಗಿಸಿಕೊಂಡಿತು. ಒಪ್ಪಂದದಂತೆ ಕ್ಲಬ್ ತನ್ನ ಖರ್ಚಿನಲ್ಲಿ ಪಕ್ಕದಲ್ಲೊಂದು ಮೈದಾನ ಮಾಡಿಕೊಟ್ಟಿತು. 1895ರ ಆ ‘ನ್ಯೂ ಕೋರ್ಸ್’ ಬಂದದ್ದರಿಂದ ಇದು ‘ಓಲ್ಡ್’ ಆಯಿತು. ಊರಿನವರಿಗೆ 1946ರವರೆಗೆ ಆಟ ಪುಕ್ಕಟೆ. ಸ್ಥಳೀಯ ಆಡಳಿತದ ಪುನರ್ರಚನೆಯಲ್ಲಿ ಪುರಸಭೆಯೇ ಇಲ್ಲವಾಗುವ ಹೊತ್ತಿಗೆ, ಲಿಂಕ್ಸ್ ಮತ್ತೆ ಯಾರ ಪಾಲಿಗೋ ಹೋಗದಿರಲೆಂದು 1974ರಲ್ಲಿ ಇನ್ನೊಂದು ಕಾಯಿದೆ ತಂದು ಟ್ರಸ್ಟ್ ಒಂದನ್ನು ರಚಿಸಿದರು. ಈಗ ಅದರ ಕೈಯಲ್ಲಿ ಏಳು ಮೈದಾನಗಳಿವೆ. ಏಳೂ ಸಾರ್ವಜನಿಕ. ಆರ್ ಅಂಡ್ ಎ ಸೇರಿದಂತೆ ಸುತ್ತಲಿನ ಕ್ಲಬ್ಬುಗಳು ಇಲ್ಲಿ ಆಡುತ್ತವೆ, ಕೆಲವಕ್ಕೆ ಕಾದಿರಿಸಿದ ಸಮಯವೂ ಇದೆ. ಆದರೆ ಒಂದು ಅಡಿ ಮೈದಾನವೂ ಅವುಗಳದಲ್ಲ.

ಕಾಗದದ ಮೇಲೆ ಎಲ್ಲವೂ ಸರಿ. ಆದರೆ ಒಂದು ಸುತ್ತಿಗೆ 300 ಪೌಂಡು ತೆರಬೇಕಾದ ಜಾಗ ಎಷ್ಟರ ಮಟ್ಟಿಗೆ ಸಾರ್ವಜನಿಕ? ಊರಿನ ನಿವಾಸಿಗಳಿಗೆ ಬಹಳ ಕಡಿಮೆ ದರದ ವಾರ್ಷಿಕ ಟಿಕೆಟ್ ಇದೆ ಎಂಬುದು ನಿಜ. ಒಂದಷ್ಟು ಸಮಯವನ್ನು ಪ್ರವಾಸಿ ಪ್ಯಾಕೇಜುಗಳಿಗೆ ಕೊಡುವ ಬಗ್ಗೆ ಅವರಲ್ಲಿ ಗೊಣಗಾಟವಿದೆ ಎಂಬುದೂ ನಿಜ. 1797ರಲ್ಲಿ ಪುರಸಭೆಗೆ ಬೇಕಾಗಿದ್ದದ್ದೂ ಹಣವೇ. ಮೊಲ ಮತ್ತು ಪ್ರವಾಸಿಯನ್ನು ಹೋಲಿಸುವುದು ಸರಿಯಲ್ಲವೇನೋ, ಆದರೆ ಹಳಬರು ಹಾಗೆ ಹೋಲಿಸಿದರೆ ತಪ್ಪು ಹೇಳುವುದು ಕಷ್ಟ.

ಹೊರಗಿನವರಿಗೆ ಉಳಿದ ದಾರಿ ಚೀಟಿ. ಆಡುವ ದಿನಕ್ಕೆ ಎರಡು ದಿನ ಮೊದಲು ಹೆಸರು ಕೊಡಬೇಕು, ಜೊತೆಗೆ ಆಟದ ಮಟ್ಟ ತೋರುವ ಹ್ಯಾಂಡಿಕ್ಯಾಪ್ ಪ್ರಮಾಣಪತ್ರ ಬೇಕು. ಜೊತೆಗಾರರಿಲ್ಲದ ಒಂಟಿ ಆಟಗಾರರು ಬಹುಕಾಲ ಮಧ್ಯರಾತ್ರಿಯಲ್ಲೇ ಬಂದು ಚಳಿಯಲ್ಲಿ ಹೊದ್ದು ಸಾಲಿನಲ್ಲಿ ಕೂರುತ್ತಿದ್ದರು. ಬೆಳಗಿನ ಹೊತ್ತು ಮೂವರೇ ಇರುವ ತಂಡಕ್ಕೆ ನಾಲ್ಕನೆಯವರಾಗಿ ಸೇರಿಕೊಳ್ಳುವ ಆಸೆ. ಶ್ರೀಮಂತನೂ ವಿದ್ಯಾರ್ಥಿಯೂ ಅಕ್ಕಪಕ್ಕ ನಡುಗುತ್ತಿದ್ದ ಆ ಸಾಲನ್ನು 2024ರಲ್ಲಿ ಕೈಬಿಟ್ಟು ಅವರಿಗೂ ಹಿಂದಿನ ದಿನವೇ ಹೆಸರು ಪಡೆದು ಚೀಟಿ ಎತ್ತುವ ಪದ್ಧತಿ ತಂದರು. 150ನೇ ಓಪನ್ ಟೂರ್ನಿ 2022ರಲ್ಲಿ ಇಲ್ಲೇ ನಡೆದು ಆಸ್ಟ್ರೇಲಿಯಾದ ಕ್ಯಾಮರಾನ್ ಸ್ಮಿತ್ ಗೆದ್ದದ್ದು ಕೆಲವರಿಗಾದರೂ ನೆನಪಿರಬಹುದು. ಅವನು ಗೆಲ್ಲುವ ದಾರಿಯಲ್ಲಿ ರೋಡ್ ಹೋಲ್‌ನ ಬಂಕರಿನ ಅಂಚಿನಲ್ಲಿ ಚೆಂಡನ್ನು ಮೆಲ್ಲಗೆ ತಳ್ಳಿ, ಗುಂಡಿಯ ಬಾಯಿ ಬಳಸಿ ಗ್ರೀನ್ ಹತ್ತಿಸಿದ ಆ ಹೊಡೆತವನ್ನು ಊರಿನವರು ಇನ್ನೂ ಹೇಳಿಕೊಳ್ಳುತ್ತಾರೆ. ಓಪನ್ ಮತ್ತೆ ಇಲ್ಲಿಗೆ ಬರಬೇಕಾದದ್ದು 2027ರಲ್ಲಿ.